ಹಸಿವಿನ ನೆಲೆ

ಚಿಕ್ಕಜಾಜೂರಿನ ಬಯಲಿನಲ್ಲಿ ಮೇಯುವ ಕುರಿಮಂದೆಯನ್ನು ಕಂಡವರು ಹಸಿವು ಹೊಟ್ಟೆಯ ಕೂಗೆಂದೇ ಬಗೆಯುತ್ತಾರೆ. ಆದರೆ ಪ್ರಾಣಿಯನ್ನು ಮೇವಿನತ್ತ ನಡೆಸುವುದು ಮಿದುಳು. ಭಾರತೀಯ ವಿಜ್ಞಾನಿ ಬಿ. ಕೆ. ಆನಂದರೂ ಅಮೆರಿಕದ ಬ್ರೋಬೆಕ್ಕರೂ 1951ರಲ್ಲಿ ಇಲಿಗಳ ಮಿದುಳಿನ ತಳದ ಇಕ್ಕೆಲಗಳಲ್ಲಿರುವ ಒಂದು ಕಿರುಭಾಗವನ್ನು ನಾಶಗೊಳಿಸಿದಾಗ ಅವು ಆಹಾರವನ್ನೇ ತೊರೆದವು. ಡೋಪಮೈನ್ ಎಂಬ ರಾಸಾಯನಿಕವನ್ನುಳ್ಳ ನರತಂತುಗಳು ಆ ಮಾರ್ಗವಾಗಿಯೇ ಸಾಗುತ್ತವೆಂಬುದು ಅನಂತರ ತಿಳಿಯಿತು.

1995ರಲ್ಲಿ ಅಮೆರಿಕದ ವಿಜ್ಞಾನಿಗಳು ಡೋಪಮೈನ್ ಉತ್ಪಾದಿಸಲಾರದ ಪುಟ್ಟ ಇಲಿಗಳನ್ನು ಬೆಳೆಸಿದರು. ಬಾಯಿಗಿಟ್ಟುದನ್ನು ಅವು ನುಂಗಬಲ್ಲವು, ಸಿಹಿಯನ್ನೂ ಮೆಚ್ಚಬಲ್ಲವು. ಆದರೂ ಎದುರಿನ ಆಹಾರವನ್ನು ತಾವಾಗಿ ತಿನ್ನದೆ ಕೆಲವೇ ವಾರಗಳಲ್ಲಿ ಸತ್ತವು. ನಮ್ಮ ನಸುಗುನ್ನಿಯ ಬೀಜದಲ್ಲಿಯೂ ಇರುವ ಎಲ್-ಡೋಪಾ ಮಿದುಳಿನಲ್ಲಿ ಡೋಪಮೈನಾಗಿ ಮಾರ್ಪಡುತ್ತದೆ. ಅದನ್ನು ದಿನವೂ ಚುಚ್ಚುಮದ್ದಾಗಿ ಪಡೆದ ಇಲಿಗಳು ತಿಂದು ಬದುಕಿದವು.

ರುಚಿಯನ್ನು ಸವಿಯುವುದು ಬೇರೆ, ಅದನ್ನು ಅರಸಿ ಹೋಗುವುದು ಬೇರೆ. ಉಣ್ಣಲೊಲ್ಲದ ರೋಗಿಯನ್ನು ಹಟಮಾರಿಯೆಂದು ಜರೆಯುವ ಮುನ್ನ ಈ ಮಾತನ್ನು ನೆನೆಯಬೇಕು.