ಮನೆಯಲ್ಲೇ ಸಿಎನ್‌ಸಿ ರೌಟರ್: ಮೋಟಾರಿಗಿಂತ ಮೊದಲು ಚೌಕಟ್ಟು

ಮರದಲ್ಲಿ ನಾಮಫಲಕ ಕೆತ್ತಲು, ಎಂಡಿಎಫ್ ಹಲಗೆಯಲ್ಲಿ ಜಾಲರಿ ಕತ್ತರಿಸಲು ಈಗ ಕಾರ್ಖಾನೆಯನ್ನೇ ಹುಡುಕಬೇಕಿಲ್ಲ; ಕಂಪ್ಯೂಟರ್ ನಿಯಂತ್ರಿಸುವ ಸಿಎನ್‌ಸಿ ರೌಟರನ್ನು ಮನೆಯಲ್ಲೇ ಕಟ್ಟಬಹುದು. 1952ರಲ್ಲಿ ಅಮೆರಿಕದ ಎಂಐಟಿ ಪ್ರದರ್ಶಿಸಿದ ಅಂಕಿ ನಿಯಂತ್ರಿತ ಮಿಲ್ಲಿಂಗ್ ಯಂತ್ರದ ನಿಯಂತ್ರಣಕ್ಕೆ ನೂರಾರು ವ್ಯಾಕ್ಯೂಮ್ ಟ್ಯೂಬ್‌ಗಳು ಬೇಕಾಗಿದ್ದವು. ಆ ಕೆಲಸಕ್ಕೆ ಇಂದು ಅಂಗೈಯಲ್ಲಿ ಹಿಡಿಸುವ ಆರ್ಡುಯಿನೊ ಬೋರ್ಡ್ ಮತ್ತು 2009ರಲ್ಲಿ ಶುರುವಾದ ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶ ಸಾಕು. ಎಲೆಕ್ಟ್ರಾನಿಕ್ಸ್ ಇಷ್ಟು ಸುಲಭವಾಗಿರುವುದರಿಂದಲೇ ಹೊಸಬರು ಮೊದಲು ಮೋಟಾರು ಕೊಳ್ಳುತ್ತಾರೆ, ಚೌಕಟ್ಟಿನ ಯೋಚನೆ ಆಮೇಲೆ. ಈ ಕ್ರಮ ತಿರುಗುಮುರುಗಾದರೆ ಹಣವೂ ಉಳಿಯುತ್ತದೆ, ಕೆಲಸವೂ ಕೆಡುವುದಿಲ್ಲ.

1. ಏನು ಕತ್ತರಿಸಬೇಕು, ಎಷ್ಟಗಲ?

ಈ ಎರಡು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆದುಕೊಳ್ಳಿ. ಮೆತ್ತನೆಯ ಮರ, ಅಕ್ರಿಲಿಕ್, ಸರ್ಕ್ಯೂಟ್ ಬೋರ್ಡ್‌ಗಳ ಮೇಲೆ ಕೆತ್ತನೆ ಸಾಕು ಎನ್ನುವವರಿಗೆ 300×180 ಮಿ.ಮೀ. ಜಾಗದ ‘3018’ ಕಿಟ್ ಒಳ್ಳೆಯ ಆರಂಭ. ಅಲ್ಯೂಮಿನಿಯಂ ಕತ್ತರಿಸುವ ಆಸೆಯಿದ್ದರೆ ಗಟ್ಟಿ ಚೌಕಟ್ಟು ಬೇಕೇ ಬೇಕು.

‘ದೊಡ್ಡದಾದರೆ ಮುಂದೆ ಅನುಕೂಲ’ ಎಂದು ಅಳತೆ ಹಿಗ್ಗಿಸಬೇಡಿ. ಕತ್ತರಿಸುವ ಬಿಟ್ ತಿರುಗಿಸುವ ಮೋಟಾರು ಸ್ಪಿಂಡಲ್; ಅದನ್ನು ಹೊರುವ ಅಡ್ಡತೊಲೆಗೆ ಗ್ಯಾಂಟ್ರಿ ಎನ್ನುತ್ತಾರೆ. ಅದೇ ದಪ್ಪದ ತೊಲೆಯ ಉದ್ದ ಎರಡು ಪಟ್ಟಾದರೆ, ಅದೇ ಹೊರೆಗೆ ಅದು ಎಂಟು ಪಟ್ಟು ಬಾಗುತ್ತದೆ. ಆ ಬಾಗು ಎಂಥ ದುಬಾರಿ ಮೋಟಾರಿನಿಂದಲೂ ನೇರವಾಗುವುದಿಲ್ಲ.

2. ಚೌಕಟ್ಟು ಮತ್ತು ರೈಲು

ಸಣ್ಣ ಯಂತ್ರಕ್ಕೆ 20×40 ಮಿ.ಮೀ. ಅಲ್ಯೂಮಿನಿಯಂ ಪ್ರೊಫೈಲ್ ಆಗುತ್ತದೆ. ದೊಡ್ಡದಕ್ಕೆ ಇನ್ನೂ ದಪ್ಪನೆಯ ಪ್ರೊಫೈಲ್ ಅಥವಾ ಚೌಕ ಉಕ್ಕಿನ ಪೈಪು ಬೇಕು. ಉಕ್ಕಿನ ಪೈಪಿನಿಂದ ಕಟ್ಟುವ ‘ಪ್ರಿಂಟ್‌ಎನ್‌ಸಿ’ಯಂಥ ಮುಕ್ತ ವಿನ್ಯಾಸಗಳನ್ನು ನೋಡಿಕೊಂಡು ಹೊರಟರೆ ನಕ್ಷೆ ಬಿಡಿಸುವ ಶ್ರಮ ತಪ್ಪುತ್ತದೆ. ಎರಡು ತುದಿಯಲ್ಲಷ್ಟೇ ಆಧಾರವಿರುವ ಸರಳಿಗಿಂತ ಉದ್ದಕ್ಕೂ ತಳದ ಆಧಾರವಿರುವ ರೈಲು ಮೇಲು.

ಜೋಡಿ ತುಂಡುಗಳನ್ನು ಒಟ್ಟಿಗೆ ಬಿಗಿದು ಒಂದೇ ಬಾರಿ ಕತ್ತರಿಸಿ. ಆಗ ಉದ್ದದಲ್ಲಿ ವ್ಯತ್ಯಾಸ ಬಾರದು. ಜೋಡಿಸುವಾಗ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಎರಡೂ ಸಮನಾದ ಮೇಲೆಯೇ ಬೋಲ್ಟುಗಳನ್ನು ಪೂರ್ತಿ ಬಿಗಿಯಿರಿ.

3. ಚಲನೆ: ಬೆಲ್ಟೋ, ಸ್ಕ್ರೂವೋ?

ಬೆಲ್ಟು ಅಗ್ಗ, ವೇಗವೂ ಹೆಚ್ಚು. ಆದರೆ ಗಟ್ಟಿ ವಸ್ತು ಎದುರಾದಾಗ ಹಿಗ್ಗುತ್ತದೆ. 8 ಮಿ.ಮೀ. ವ್ಯಾಸದ ಲೀಡ್ ಸ್ಕ್ರೂ ಸಣ್ಣ ಯಂತ್ರಕ್ಕೆ ಒಗ್ಗುತ್ತದೆ. ಅಲ್ಯೂಮಿನಿಯಂ ಕೆಲಸಕ್ಕೆ ಬಾಲ್ ಸ್ಕ್ರೂ ಒಳ್ಳೆಯದು. ಅದರಲ್ಲಿ ‘1605’ ಎಂದರೆ 16 ಮಿ.ಮೀ. ವ್ಯಾಸ, ಒಂದು ಸುತ್ತಿಗೆ 5 ಮಿ.ಮೀ. ಚಲನೆ.

4. ಮೋಟಾರು, ಡ್ರೈವರ್, ವೈರಿಂಗ್

ಈಗ ಮೋಟಾರಿನ ಸರದಿ. ಸಣ್ಣ ಯಂತ್ರಕ್ಕೆ 42 ಮಿ.ಮೀ. ಚೌಕ ಮುಖದ ನೀಮಾ 17, ದೊಡ್ಡದಕ್ಕೆ 57 ಮಿ.ಮೀ.ನ ನೀಮಾ 23. ಆರ್ಡುಯಿನೊ ಮೇಲೆ ಕೂರುವ ಸಿಎನ್‌ಸಿ ಶೀಲ್ಡ್ ಮತ್ತು ಮೋಟಾರು ನಡೆಸುವ ಎ4988 ಡ್ರೈವರ್ ನೀಮಾ 17ಕ್ಕೆ ಸಾಕು. ಹೆಚ್ಚು ಆಂಪಿಯರ್ ಎಳೆಯುವ ನೀಮಾ 23ಕ್ಕೆ ಟಿಬಿ6600ನಂಥ ಪ್ರತ್ಯೇಕ ಡ್ರೈವರ್ ಬೇಕು. ಬೆಂಗಳೂರಿನವರಾದರೆ ಇವೆಲ್ಲ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ.

ವೈರಿಂಗ್‌ನಲ್ಲಿ ಮೂರು ಎಚ್ಚರಿಕೆ:

• ವಿದ್ಯುತ್ ಇರುವಾಗ ಮೋಟಾರಿನ ವೈರು ಕೀಳಬೇಡಿ, ಡ್ರೈವರ್ ಸುಟ್ಟುಹೋಗಬಹುದು.
• ಅಕ್ಷದ ತುದಿ ಬಂತೆಂದು ತಿಳಿಸುವ ಲಿಮಿಟ್ ಸ್ವಿಚ್‌ನ ವೈರನ್ನು ಸ್ಪಿಂಡಲ್ ವೈರಿನ ಪಕ್ಕದಲ್ಲಿ ಎಳೆಯಬೇಡಿ. ಸ್ಪಿಂಡಲ್‌ನ ವಿದ್ಯುತ್ ಗದ್ದಲಕ್ಕೆ ಸ್ವಿಚ್ ಒತ್ತಿದಂತೆ ಭ್ರಮಿಸಿ ಯಂತ್ರ ನಡುವೆ ನಿಲ್ಲುತ್ತದೆ.
• ಎಮರ್ಜೆನ್ಸಿ ಸ್ವಿಚ್ ಒತ್ತಿದರೆ ಸ್ಪಿಂಡಲ್ ಕೂಡ ನಿಲ್ಲಬೇಕು. 230 ವೋಲ್ಟ್ ಭಾಗವನ್ನೂ ಅರ್ಥಿಂಗನ್ನೂ ಎಲೆಕ್ಟ್ರಿಷಿಯನ್‌ಗೆ ಬಿಡಿ.

5. ಬಿಟ್ ಹಾಕದೆ ಮೊದಲ ಚಾಲನೆ

ಮೋಟಾರು ಎಷ್ಟು ಹೆಜ್ಜೆ ಇಟ್ಟರೆ ಯಂತ್ರ ಒಂದು ಮಿ.ಮೀ. ಸರಿಯುತ್ತದೆ ಎಂಬುದನ್ನು ಜಿಆರ್‌ಬಿಎಲ್‌ಗೆ ತಿಳಿಸಬೇಕು. ಸಾಮಾನ್ಯ ಸ್ಟೆಪ್ಪರ್ ಮೋಟಾರಿಗೆ ಒಂದು ಸುತ್ತಿಗೆ 200 ಹೆಜ್ಜೆ. ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಭಾಗ ಮಾಡಿದರೆ 3200. ಒಂದು ಸುತ್ತಿಗೆ 8 ಮಿ.ಮೀ. ಸರಿಯುವ ಸ್ಕ್ರೂ ಆದರೆ 3200÷8, ಅಂದರೆ 400. ಇದನ್ನು ಎಕ್ಸ್, ವೈ, ಝಡ್ ಅಕ್ಷಗಳಿಗೆ ಕ್ರಮವಾಗಿ $100, $101, $102 ಎಂಬ ಸೆಟ್ಟಿಂಗ್‌ಗಳಲ್ಲಿ ತುಂಬಿ.

ಬಳಿಕ ಸ್ಪಿಂಡಲ್ ಜಾಗಕ್ಕೆ ಪೆನ್ನು ಕಟ್ಟಿ, ಒಂದು ಚೌಕ ಮತ್ತು ಒಂದು ವೃತ್ತ ಬರೆಸಿ. ಯಂತ್ರದ ರೋಗವೆಲ್ಲ ಕಾಗದದ ಮೇಲೆ ಕಾಣುತ್ತದೆ. ಚೌಕ ಓರೆಯಾದರೆ ಗ್ಯಾಂಟ್ರಿ ಓರೆಯಾಗಿದೆ. ಅಕ್ಷ ದಿಕ್ಕು ಬದಲಿಸುವ ಕಡೆ ವೃತ್ತ ಚಪ್ಪಟೆಯಾದರೆ ಸ್ಕ್ರೂ–ನಟ್ ನಡುವೆ ಸಡಿಲವಿದೆ. ಬ್ಯಾಕ್‌ಲ್ಯಾಷ್ ಎನ್ನುವುದು ಇದಕ್ಕೇ. ಗೆರೆ ಹೊರಟ ಜಾಗಕ್ಕೆ ಮರಳದಿದ್ದರೆ ಮೋಟಾರು ಹೆಜ್ಜೆ ತಪ್ಪುತ್ತಿರಬಹುದು: ವೇಗ ಇಳಿಸಿ, ಡ್ರೈವರ್‌ನ ಕರೆಂಟ್ ಮತ್ತು ಮೋಟಾರನ್ನು ಸ್ಕ್ರೂಗೆ ಜೋಡಿಸುವ ಕಪ್ಲಿಂಗ್‌ನ ಬಿಗಿ ನೋಡಿ.

6. ಮೊದಲ ಕತ್ತರಿಕೆ

ಮೇಜಿಗೆ ಎಂಡಿಎಫ್ ಹಲಗೆಯೊಂದನ್ನು ಸ್ಕ್ರೂ ಹಾಕಿ ಬಿಗಿದು, ಅಗಲ ಬಿಟ್‌ನಿಂದ ಅದರ ಮೇಲ್ಮೈಯನ್ನು ತೆಳುವಾಗಿ ಹೆರೆಸಿ. ಸ್ಕ್ರೂ ತಲೆಗಳು ಬಿಟ್‌ಗೆ ಸಿಗದಷ್ಟು ಆಳದಲ್ಲಿರಲಿ. ಮೇಜು ತುಸು ಓರೆಯಿದ್ದರೂ ಈ ಹಲಗೆ ಗ್ಯಾಂಟ್ರಿಯ ಓಟಕ್ಕೆ ಸಮಾನಾಂತರವಾಗುತ್ತದೆ.

ಯಂತ್ರ ಎಷ್ಟು ವೇಗವಾಗಿ ಸಾಗಬೇಕು ಎಂಬುದಕ್ಕೆ ಲೆಕ್ಕವಿದೆ: ಸ್ಪಿಂಡಲ್‌ನ ನಿಮಿಷದ ಸುತ್ತು × ಬಿಟ್‌ನ ಹಲ್ಲು × ಪ್ರತಿ ಹಲ್ಲು ಕಚ್ಚುವ ದಪ್ಪ. 12,000 ಸುತ್ತು, 2 ಹಲ್ಲು, 0.05 ಮಿ.ಮೀ. ಎಂದಾದರೆ ನಿಮಿಷಕ್ಕೆ 1200 ಮಿ.ಮೀ. ತೀರ ನಿಧಾನಿಸುವುದೂ ತಪ್ಪು. ಬಿಟ್ ಕತ್ತರಿಸದೆ ಉಜ್ಜತೊಡಗಿ ಮರ ಕಪ್ಪಾಗುತ್ತದೆ. ಯಂತ್ರ ನಡುಗಿದರೆ ಮೊದಲು ಕತ್ತರಿಸುವ ಆಳ ಕಡಿಮೆ ಮಾಡಿ. ಕನ್ನಡಕ, ಎಂಡಿಎಫ್ ದೂಳಿಗೆ ಮಾಸ್ಕ್ ಕಡ್ಡಾಯ. ಓಡುವ ಯಂತ್ರ ಬಿಟ್ಟು ಕೋಣೆಯಿಂದ ಹೊರಗೆ ಹೋಗಬೇಡಿ.

7. ಸಲಹೆ ಕೇಳುವ ಬಗೆ

ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುವುದು ಖಚಿತ. ‘ಸರಿಯಾಗಿ ಕಟ್ ಆಗ್ತಿಲ್ಲ, ಏನ್ ಮಾಡ್ಲಿ ಸರ್?’ ಎಂದು ಕೇಳಿದರೆ ಪೀಣ್ಯ ಕೈಗಾರಿಕಾ ಪ್ರದೇಶದ ಅನುಭವಿ ಫಿಟ್ಟರ್ ಆಗಲಿ, ಆನ್‌ಲೈನ್ ಬಳಗದ ಹವ್ಯಾಸಿಯಾಗಲಿ ಊಹೆಯನ್ನಷ್ಟೇ ಹೇಳಬಲ್ಲರು. ಈ ವಿವರಗಳನ್ನು ಕೊಟ್ಟರೆ ಉತ್ತರ ನೇರವಾಗಿ ಬರುತ್ತದೆ:

• ಚೌಕಟ್ಟಿನ ವಸ್ತು, ಗ್ಯಾಂಟ್ರಿಯ ಉದ್ದ, ರೈಲು ಮತ್ತು ಸ್ಕ್ರೂವಿನ ಬಗೆ
• ಮೋಟಾರು, ಡ್ರೈವರ್, ಪವರ್ ಸಪ್ಲೈಯ ವೋಲ್ಟೇಜ್
• ಕತ್ತರಿಸಿದ ವಸ್ತು, ಬಿಟ್‌ನ ವ್ಯಾಸ, ಆಳ, ವೇಗ
• ಎಷ್ಟು ಮಿ.ಮೀ. ಸರಿಯಬೇಕಿತ್ತು, ಎಷ್ಟು ಸರಿಯಿತು. ದೋಷ ಪ್ರತಿ ಸಲವೂ ಅಷ್ಟೇ ಬರುತ್ತದೆಯೋ, ಬದಲಾಗುತ್ತದೆಯೋ
• ಕೆಟ್ಟ ತುಂಡಿನ ಸ್ಪಷ್ಟ ಫೋಟೊ

ಕೊನೆಯಿಂದ ಎರಡನೆಯದು ಮುಖ್ಯ. ಪ್ರತಿ ಸಲವೂ ಅಷ್ಟೇ ಅನುಪಾತದಲ್ಲಿ ತಪ್ಪಿದರೆ ಸೆಟ್ಟಿಂಗ್ ತಿದ್ದಿದರಾಯಿತು. ಪ್ರತಿ ಸಲ ಬೇರೆ ಬೇರೆಯಾದರೆ ಎಲ್ಲೋ ಬೋಲ್ಟ್, ಕಪ್ಲಿಂಗ್ ಅಥವಾ ಬೆಲ್ಟ್ ಸಡಿಲವಾಗಿದೆ, ಇಲ್ಲವೇ ಮೋಟಾರು ಹೆಜ್ಜೆ ತಪ್ಪುತ್ತಿದೆ. ಅಂಕಿ ಬದಲಿಸಿ ಫಲವಿಲ್ಲ.

ಒಬ್ಬರು ವೇಗ ಇಳಿಸಿ ಎನ್ನುತ್ತಾರೆ, ಇನ್ನೊಬ್ಬರು ಏರಿಸಿ ಎನ್ನುತ್ತಾರೆ. ಅವರವರ ಯಂತ್ರಕ್ಕೆ ಇಬ್ಬರದೂ ಸರಿಯಿರಬಹುದು. ನಿಮ್ಮಷ್ಟೇ ಉದ್ದದ ಗ್ಯಾಂಟ್ರಿಯಲ್ಲಿ, ನಿಮ್ಮದೇ ವಸ್ತು ಕತ್ತರಿಸುವವರ ಮಾತಿಗೆ, ಅದರಲ್ಲೂ ಅಂಕಿ ಮತ್ತು ಕಾರಣ ಎರಡನ್ನೂ ಹೇಳುವವರ ಮಾತಿಗೆ ಹೆಚ್ಚು ಬೆಲೆ ಕೊಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲಿತಾಂಶ ಬರೆದಿಡಿ. ಸಮಸ್ಯೆ ಬಗೆಹರಿದ ಮೇಲೆ ಹೇಗೆ ಬಗೆಹರಿಯಿತು ಎಂಬುದನ್ನು ಸಲಹೆ ಕೊಟ್ಟವರಿಗೆ ತಿಳಿಸಿ. ಅದೇ ತೊಂದರೆಯೊಂದಿಗೆ ನಾಳೆ ಬರುವವರಿಗೆ ಅವರು ಊಹೆಯ ಬದಲು ಉತ್ತರ ಹೇಳಬಲ್ಲರು.