‘ನೆಕ್ಸ್ಟ್’ ಒತ್ತೋದು ಬಿಟ್ಟು ಪಟ್ಟಿ ಬರೆಯೋಣ

ಯಾವುದೇ ವರ್ಕ್‌ಶಾಪ್ ಇರಲಿ, ಮೊದಲ ಒಂದು ಗಂಟೆ ಇನ್‌ಸ್ಟಾಲ್ ಮಾಡೋದರಲ್ಲೇ ಹೋಗುತ್ತದೆ. ಗಿಟ್, ಪೈಥಾನ್, ವಿಎಸ್ ಕೋಡ್ ಒಂದೊಂದಕ್ಕೂ ವೆಬ್‌ಸೈಟ್ ಹುಡುಕಿ, ಡೌನ್‌ಲೋಡ್ ಮಾಡಿ, ‘ನೆಕ್ಸ್ಟ್, ನೆಕ್ಸ್ಟ್, ಫಿನಿಶ್’ ಒತ್ತಬೇಕು. ಅಷ್ಟರಲ್ಲಿ ಯಾರದೋ ಪೈಥಾನ್ ಪಾತ್‌ಗೆ ಸೇರಿರಲ್ಲ. ಕೋಡಿಂಗ್ ಶುರುವಾಗುವ ಮೊದಲೇ ಆ ಜೂನಿಯರ್ ‘ಇದು ನನ್ನ ಕೈಲಾಗಲ್ಲ’ ಅಂತ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಾರೆ. ಹೀಗಾಗದಂತೆ ನಾವು ಏನು ಮಾಡಬಹುದು ಅಂತ ನೋಡೋಣ.

ಈ ಕೆಲಸಕ್ಕೆಂದೇ ಪ್ಯಾಕೇಜ್ ಮ್ಯಾನೇಜರ್‌ಗಳಿವೆ. ಹೆಸರು ಹೇಳಿದರೆ ಸಾಕು, ಸಾಫ್ಟ್‌ವೇರನ್ನು ಹುಡುಕಿ, ಇಳಿಸಿ, ಇನ್‌ಸ್ಟಾಲ್ ಮಾಡುತ್ತವೆ.

ಉಬುಂಟು: ‘ಸುಡೋ ಆಪ್ಟ್ ಇನ್‌ಸ್ಟಾಲ್’ ಎಂದು ಬರೆದು, ಮುಂದೆ ಬೇಕಾದಷ್ಟು ಹೆಸರುಗಳನ್ನು ಸ್ಪೇಸ್ ಬಿಟ್ಟು ಬರೆಯಬಹುದು.

ವಿಂಡೋಸ್: ವಿಂಡೋಸ್ 11ರಲ್ಲಿ ವಿಂಗೆಟ್ ಮೊದಲೇ ಇರುತ್ತದೆ. ಎಲ್ಲ ಸರಿಯಾಗಿರೋ ಒಂದು ಲ್ಯಾಪ್‌ಟಾಪ್‌ನಲ್ಲಿ ‘ವಿಂಗೆಟ್ ಎಕ್ಸ್‌ಪೋರ್ಟ್’ ಕೊಟ್ಟರೆ ಪಟ್ಟಿ ಒಂದು ಜೇಸನ್ ಫೈಲ್ ಆಗುತ್ತದೆ. ಬೇಡದ್ದನ್ನು ಅಳಿಸಿ, ಇನ್ನೊಂದು ಲ್ಯಾಪ್‌ಟಾಪ್‌ನಲ್ಲಿ ಅದೇ ಫೈಲಿಗೆ ‘ವಿಂಗೆಟ್ ಇಂಪೋರ್ಟ್’ ಕೊಡಬೇಕು. ವಿಂಗೆಟ್‌ಗೆ ಗೊತ್ತಿಲ್ಲದ ಸಾಫ್ಟ್‌ವೇರ್ ಪಟ್ಟಿಗೆ ಬರಲ್ಲ, ಅದನ್ನು ಕೈಯಲ್ಲೇ ಹಾಕಬೇಕು.

ಮ್ಯಾಕ್: ಹೋಮ್‌ಬ್ರೂ ಹಾಕಿಕೊಂಡು ‘ಬ್ರೂ ಬಂಡಲ್ ಡಂಪ್’ ಕೊಟ್ಟರೆ ಬ್ರೂಫೈಲ್ ತಯಾರಾಗುತ್ತದೆ. ಇನ್ನೊಂದು ಮ್ಯಾಕ್‌ನಲ್ಲಿ ‘ಬ್ರೂ ಬಂಡಲ್’ ಅಂದರೆ ಆ ಫೈಲಿನಲ್ಲಿರೋದೆಲ್ಲ ಬರುತ್ತದೆ.

ಮೂರಕ್ಕೂ ಒಂದೇ ಪಟ್ಟಿ ಸಾಲಲ್ವಾ? ಸಾಲಲ್ಲ, ಯಾಕಂದ್ರೆ ಹೆಸರುಗಳೇ ಬೇರೆ. ವಿಎಸ್ ಕೋಡ್‌ಗೆ ಹೋಮ್‌ಬ್ರೂನಲ್ಲಿ ಒಂದು ಹೆಸರು, ವಿಂಗೆಟ್‌ನಲ್ಲಿ ಇನ್ನೊಂದು. ಉಬುಂಟುವಿನಲ್ಲಂತೂ ಅದು ಮಾಮೂಲಿ ಆಪ್ಟ್ ಪಟ್ಟಿಯಲ್ಲೇ ಇಲ್ಲ, ಸ್ನ್ಯಾಪ್‌ನಿಂದ ತರಬೇಕು. ಹಾಗಾಗಿ ಮೂರು ಫೈಲ್ ಮಾಡಿ ಒಂದೇ ಗಿಟ್ ರೆಪೊದಲ್ಲಿ ಇಡುವುದು ಸುಲಭದ ದಾರಿ.

ಲ್ಯಾಬ್‌ನಲ್ಲಿ 60 ಲಿನಕ್ಸ್ ಕಂಪ್ಯೂಟರ್‌ಗಳಿದ್ದರೆ? ಆಗ ಆನ್ಸಿಬಲ್ ಬೇಕು. ಅದು ಒಂದೇ ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ ಮೂಲಕ ಉಳಿದೆಲ್ಲವನ್ನೂ ತಲುಪುತ್ತದೆ. ಅದರ ಪ್ಲೇಬುಕ್‌ನಲ್ಲಿ ನಾವು ‘ಗಿಟ್ ಇನ್‌ಸ್ಟಾಲ್ ಮಾಡು’ ಅನ್ನಲ್ಲ, ‘ಗಿಟ್ ಇರಬೇಕು’ ಅಂತ ಬರೀತೀವಿ. ಇದ್ದರೆ ಮುಟ್ಟಲ್ಲ, ಇಲ್ಲದಿದ್ದರೆ ಹಾಕುತ್ತದೆ. ಎಷ್ಟು ಸಲ ಓಡಿಸಿದರೂ ಫಲಿತಾಂಶ ಒಂದೇ. ಇದನ್ನೇ ಐಡೆಂಪೊಟೆನ್ಸ್ ಅನ್ನೋದು. ಅರ್ಧದಲ್ಲಿ ವೈಫೈ ಹೋಯ್ತಾ? ಎಲ್ಲಿ ನಿಂತಿತ್ತು ಅಂತ ಹುಡುಕೋದು ಬೇಡ, ಮತ್ತೆ ಓಡಿಸಿದರಾಯಿತು.

ಎರಡು ವಿಷಯ ನೆನಪಿರಲಿ. ಒಂದು, ವಿಂಗೆಟ್ ಪಟ್ಟಿಯಲ್ಲಿ ವರ್ಷನ್ ತಾನಾಗಿ ಬರಲ್ಲ. ಎಲ್ಲರಿಗೂ ಒಂದೇ ವರ್ಷನ್ ಬೇಕಿದ್ದರೆ ಎಕ್ಸ್‌ಪೋರ್ಟ್ ಮಾಡುವಾಗಲೇ ಕೇಳಬೇಕು. ಇನ್ನೊಂದು, ಸುಡೋ ಅಥವಾ ಅಡ್ಮಿನ್ ಅನುಮತಿ ಕೊಟ್ಟರೆ ಕಂಪ್ಯೂಟರ್‌ನ ಕೀಲಿಕೈ ಕೊಟ್ಟ ಹಾಗೆ. ಯಾರೋ ಕಳಿಸಿದ ಸ್ಕ್ರಿಪ್ಟನ್ನು ಓದದೆ ಓಡಿಸಬಾರದು.

ಮುಂದಿನ ವರ್ಕ್‌ಶಾಪ್ ನಡೆಸೋರು ಈ ಮೂರು ಫೈಲ್‌ಗಳನ್ನು ಎರಡು ದಿನ ಮೊದಲೇ ಗ್ರೂಪ್‌ಗೆ ಹಾಕಿದರೆ, ತೊಂದರೆ ಇರೋರು ಮೊದಲೇ ಹೇಳುತ್ತಾರೆ. ಅವತ್ತು ಎಲ್ಲರೂ ಒಟ್ಟಿಗೆ ಮೊದಲ ಸಾಲಿನ ಕೋಡ್ ಬರೆಯಬಹುದು.