ಎಳೆಯ ಸಂಸಾರದಲ್ಲಿ ಕ್ರಿಸ್ತಜಯಂತಿಯ ಕಾಲ

ಕ್ರಿಸ್ತಜಯಂತಿಯೆಂದರೆ ಡಿಸೆಂಬರ್ 25ನೆಯ ದಿನವೆಂದು ನಾವು ರೂಢಿಯಾಗಿ ಹೇಳುತ್ತೇವೆ. ಸಭೆಯ ಪಂಚಾಂಗದಲ್ಲಾದರೋ ಅದು ಒಂದು ದಿನವಲ್ಲ, ಒಂದು ಕಾಲ. ನವೆಂಬರ್ 30ಕ್ಕೆ ಅತಿ ಸಮೀಪವಾದ ಆದಿತ್ಯವಾರದಂದು ಆಗಮನ ಕಾಲವು ಆರಂಭವಾಗಿ, ನಾಲ್ಕು ಆದಿತ್ಯವಾರಗಳನ್ನು ದಾಟಿ ಹಬ್ಬಕ್ಕೆ ಬಂದು ಸೇರುತ್ತದೆ. ಅಲ್ಲಿಂದ ಮುಂದೆ ಹನ್ನೆರಡು ದಿನ ನಡೆದು, ಜೋಯಿಸರು ಕೂಸನ್ನು ಕಂಡದ್ದನ್ನು ನೆನೆಯುವ ಜನವರಿ 6ರ ಹಬ್ಬದಲ್ಲಿ ನಿಲ್ಲುತ್ತದೆ. ದೊಡ್ಡವರಿಗೆ ಈ ಲೆಕ್ಕವು ಪ್ರಾರ್ಥನಾ ಪುಸ್ತಕದ ಮಾತಾಗಿಯೇ ಉಳಿದೀತು. ಚಿಕ್ಕ ಮಕ್ಕಳಿರುವ ಮನೆಗೆ ಇದರಷ್ಟು ಉಪಯೋಗಕ್ಕೆ ಬರುವ ಲೆಕ್ಕ ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ.

ನಮ್ಮ ಶಾಲೆಯಲ್ಲಿ ಓದಿ ಈಗ ತಾಯಂದಿರಾಗಿರುವ ಅನೇಕರು ಹುಟ್ಟೂರಿನಿಂದ ದೂರದಲ್ಲಿ, ಅತ್ತೆಯಾಗಲಿ ತಾಯಿಯಾಗಲಿ ಜೊತೆಯಲ್ಲಿಲ್ಲದೆ, ಎರಡು ಮೂರು ಕೋಣೆಗಳ ಮನೆಗಳಲ್ಲಿ ಸಂಸಾರ ಹೂಡಿದ್ದಾರೆ. ಹಿಂದೆ ಕೂಡು ಮನೆಯಲ್ಲಿ ಹಬ್ಬವು ತಾನಾಗಿ ನಡೆಯುತ್ತಿತ್ತು. ಅಜ್ಜಿಗೆ ಎಲ್ಲವೂ ಗೊತ್ತಿರುತ್ತಿತ್ತು. ಈಗ ಗಂಡ ಹೆಂಡತಿ ಇಬ್ಬರೇ ಕುಳಿತು ಏನನ್ನು ಮಾಡಬೇಕು, ಏನನ್ನು ಬಿಡಬೇಕೆಂದು ನಿಶ್ಚಯಿಸಬೇಕಾಗಿದೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ ಕಾಯುವ ವಿಷಯ. ಜರ್ಮನಿಯ ಹ್ಯಾಂಬರ್ಗ್ ಪಟ್ಟಣದಲ್ಲಿ ಯೋಹಾನ್ ಹಿನ್ರಿಕ್ ವಿಖರ್ನ್ ಎಂಬ ಬೋಧಕರು 1833ರಲ್ಲಿ ದಿಕ್ಕಿಲ್ಲದ ಮಕ್ಕಳಿಗಾಗಿ ಒಂದು ಆಶ್ರಮವನ್ನು ತೆರೆದರು. ಅಲ್ಲಿಯ ಮಕ್ಕಳು ಆಗಮನ ಕಾಲದಲ್ಲಿ, ಹಬ್ಬ ಇಂದೋ ನಾಳೆಯೋ ಎಂದು ದಿನವೂ ಅವರನ್ನು ಕೇಳುತ್ತಿದ್ದರಂತೆ. 1839ರಲ್ಲಿ ವಿಖರ್ನರು ಹಳೆಯ ಬಂಡಿಯ ಚಕ್ರವೊಂದನ್ನು ತಂದು, ಅದರ ಮೇಲೆ ವಾರದ ದಿನಗಳಿಗೆ ಚಿಕ್ಕ ಮೇಣದಬತ್ತಿಗಳನ್ನೂ ಆದಿತ್ಯವಾರಗಳಿಗೆ ನಾಲ್ಕು ದೊಡ್ಡ ಬತ್ತಿಗಳನ್ನೂ ನಿಲ್ಲಿಸಿ, ದಿನಕ್ಕೊಂದರಂತೆ ಹಚ್ಚಿಸಿದರು. ಮಕ್ಕಳು ಉಳಿದ ಬತ್ತಿಗಳನ್ನು ಎಣಿಸಿ ಹಬ್ಬವು ಎಷ್ಟು ದೂರವಿದೆಯೆಂದು ತಾವೇ ಅರಿತುಕೊಂಡರು, ಲೆಕ್ಕವನ್ನೂ ಕಲಿತರು. ಇಂದು ಅನೇಕ ದೇಶಗಳ ದೇವಾಲಯಗಳಲ್ಲಿ ಹಸುರೆಲೆಯ ಬಳೆಯ ಮೇಲೆ ನಾಲ್ಕು ದೀಪಗಳನ್ನಿಡುವ ಪದ್ಧತಿಗೆ ಮೂಲ ಇದೇ. ಕಾಣಿಕೆ ವಸ್ತ್ರಗಳ ಗೊಡವೆಯಿಲ್ಲದೆ, ದಿಕ್ಕಿಲ್ಲದ ಮಕ್ಕಳ ತವಕದಿಂದ ಈ ಪದ್ಧತಿ ಹುಟ್ಟಿತೆಂಬುದು ನನಗೆ ಬಹು ಮೆಚ್ಚಿಕೆಯಾದ ಸಂಗತಿ.

ಇದು ಪರದೇಶದ ಪದ್ಧತಿಯಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಅಹುದು, ಕ್ರಿಸ್ಮಸ್ ಮರವೂ ಹಾಗೆಯೇ ಬಂದದ್ದು. ಶೀತದೇಶದ ಫರ್ ಮರ ನಮ್ಮ ಕರಾವಳಿಯಲ್ಲಿ ಬೆಳೆಯದ ಕಾರಣ ಗಾಳಿಮರದ ಕೊಂಬೆ ಅದರ ಸ್ಥಾನದಲ್ಲಿ ನಿಂತಿತು, ಯಾರಿಗೂ ಕೊರತೆಯೆನಿಸಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರಲ್ಲಿಯೂ ಈ ನಾಡಿನ ರೂಪಕ್ಕೆ ಮನಸ್ಸು ಕೊಟ್ಟವರಿದ್ದರು. ಕನ್ನಡ ನಿಘಂಟಿನ ಕರ್ತೃಗಳಾದ ಕಿಟ್ಟೆಲರು 1862ರ ತಮ್ಮ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿಯೇ ಹಾಡಿದರು. ಆದಕಾರಣ ನಾಲ್ಕು ಮಣ್ಣಿನ ಹಣತೆಗಳನ್ನು ತಟ್ಟೆಯಲ್ಲಿಟ್ಟು ಸುತ್ತಲೂ ಮಾವಿನೆಲೆಯನ್ನು ಹರಡಿದರೂ ಸಾಕು. ಆದಿತ್ಯವಾರ ಸಂಜೆ ದೀಪವನ್ನು ತಂದೆಯೇ ಹಚ್ಚಲಿ. ಪ್ರಾರ್ಥನೆಯು ತಾಯಿಯ ಕೆಲಸ, ಪೇಟೆಯು ತಂದೆಯ ಕೆಲಸ ಎಂಬ ವಿಭಾಗವನ್ನು ಮಕ್ಕಳು ನಾವೆಣಿಸಿದ್ದಕ್ಕಿಂತ ಬೇಗನೆ ಗುರುತಿಸುತ್ತಾರೆ. ಮೊದಲನೆಯ ವಾರ ಯೆಶಾಯನ 9ನೆಯ ಅಧ್ಯಾಯದಿಂದಲೂ, ಎರಡನೆಯ ವಾರ ಮೀಕನ 5ನೆಯ ಅಧ್ಯಾಯದಿಂದಲೂ, ಮೂರನೆಯ ವಾರ ಯೋಸೇಫನ ಕನಸನ್ನು ಹೇಳುವ ಮತ್ತಾಯನ 1ನೆಯ ಅಧ್ಯಾಯದಿಂದಲೂ, ನಾಲ್ಕನೆಯ ವಾರ ಮರಿಯಳು ಎಲಿಸಬೇತಳನ್ನು ಕಾಣಹೋದ ಲೂಕನ 1ನೆಯ ಅಧ್ಯಾಯದಿಂದಲೂ ಕೆಲವು ವಚನಗಳನ್ನು ಓದಿ, ಒಂದು ಹಾಡನ್ನು ಹಾಡಿ ಮುಗಿಸತಕ್ಕದ್ದು. ಹತ್ತು ನಿಮಿಷ ಸಾಕು. ನಾಲ್ಕು ವರ್ಷದ ಮಗುವನ್ನು ಅರ್ಧ ಗಂಟೆ ಕೂಡಿಸಿದರೆ ಅದಕ್ಕೆ ಕಾಲುನೋವು ನೆನಪಿರುವುದೇ ಹೊರತು ಯೆಶಾಯನು ನೆನಪಿರುವುದಿಲ್ಲ.

ಇನ್ನು ಗೋದಲಿ. ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ 1223ರ ಕ್ರಿಸ್ತಜಯಂತಿಯ ರಾತ್ರಿ ಅಸ್ಸೀಸಿಯ ಫ್ರಾನ್ಸಿಸರು ನಿಜವಾದ ಹುಲ್ಲನ್ನೂ ಎತ್ತು ಕತ್ತೆಗಳನ್ನೂ ತರಿಸಿ, ಬಡಜನರ ಕಣ್ಣಿಗೆ ಬೇತ್ಲೆಹೇಮನ್ನು ತೋರಿಸಿದರು. ನಮ್ಮ ಕಡೆಯ ಮನೆಗಳಲ್ಲಿ ಗೋದಲಿಯ ಸುತ್ತ ಹೊಲದಂತೆ ಕಾಣಲು ರಾಗಿಯನ್ನೋ ಭತ್ತವನ್ನೋ ಮೊಳೆಸಿ ಇಡುವ ವಾಡಿಕೆಯುಂಟು. ಎಲ್ಲ ಆಚರಣೆಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿರೆಂದು ಯಾರಾದರೂ ನನಗೆ ಹೇಳಿದರೆ ನಾನು ಇದನ್ನೇ ಉಳಿಸಿಕೊಂಡೇನು. ಮೂರನೆಯ ಆದಿತ್ಯವಾರದ ಹಿಂದಿನ ರಾತ್ರಿ ಒಂದು ಹಿಡಿ ರಾಗಿಯನ್ನು ನೆನೆಹಾಕಿ, ಮರುದಿನ ತೆಂಗಿನ ಗೆರಟೆಗಳಲ್ಲಿ ಮರಳು ಬೆರೆಸಿದ ಮಣ್ಣು ತುಂಬಿ, ಮಗುವಿನ ಕೈಯಿಂದಲೇ ಬಿತ್ತಿಸಬೇಕು. ಎರಡು ದಿನ ಏನೂ ಕಾಣುವುದಿಲ್ಲ. ಮಗು ಮಣ್ಣನ್ನು ಕೆದಕಿ ನೋಡುತ್ತದೆ. ಕೆದಕಿದ ಕಡೆ ಮೊಳಕೆ ಕೆಡುತ್ತದೆ. ಮುಟ್ಟದೆ ಬಿಟ್ಟ ಕಡೆ ನಾಲ್ಕನೆಯ ಐದನೆಯ ದಿನಕ್ಕೆ ಸೂಜಿಯಂತಹ ಹಸುರು ಏಳುತ್ತದೆ. ಕಣ್ಣಿಗೆ ಕಾಣದಿರುವಾಗಲೂ ಕೆಲಸ ನಡೆಯುತ್ತಿರುವುದೆಂಬ ಪಾಠವನ್ನು ನಾವು ಬಾಯಿಂದ ಹೇಳುವ ಅವಶ್ಯವೇ ಇಲ್ಲ, ಹೇಳಿದರೆ ಕೆಟ್ಟೀತು. ಗೋದಲಿಯನ್ನು 24ನೆಯ ರಾತ್ರಿಯ ತನಕ ಬರಿದಾಗಿಯೇ ಇಟ್ಟು ಆ ರಾತ್ರಿ ಕೂಸನ್ನು ಮಲಗಿಸುವುದು ಒಳ್ಳೆಯದು. ಒಳ್ಳೆಯ ಕಾರ್ಯವೊಂದಕ್ಕೆ ಒಂದೊಂದು ಹುಲ್ಲುಕಡ್ಡಿಯನ್ನು ಗೋದಲಿಯಲ್ಲಿ ಹಾಕಿಸುವವರಿದ್ದಾರೆ. ಅದೂ ಚೆನ್ನಾಗಿದೆ; ಆದರೆ ಯಾರ ಕಡ್ಡಿಗಳೆಷ್ಟೆಂದು ಅಣ್ಣತಂಗಿಯರ ನಡುವೆ ಲೆಕ್ಕವಿಡಬಾರದು. ಅಂಕಗಳ ಕಾಟ ಶಾಲೆಯಲ್ಲಿಯೇ ಸಾಕಷ್ಟಿದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವ ವಿಷಯಕ್ಕೆ ಬರುತ್ತೇನೆ. ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರದ ಊರಿನಿಂದ ನನಗೆ ಒಂದು ಕಾಗದ ಬರೆದಿದ್ದಳು. ಅವಳ ಏಳು ವರ್ಷದ ಮಗನು, ಕ್ರಿಸ್ಮಸ್ ತಾತನೆಂಬವನು ಇಲ್ಲವೆಂದೂ ಉಡುಗೊರೆಗಳನ್ನು ಅಪ್ಪನೇ ತಂದಿಡುತ್ತಾನೆಂದೂ ಶಾಲೆಯ ಗೆಳೆಯನಿಂದ ತಿಳಿದು, ಮನೆಗೆ ಬಂದು, “ಹಾಗಾದರೆ ಬೇತ್ಲೆಹೇಮಿನ ಕೂಸೂ ನೀನು ಹೇಳಿದ ಕಥೆಯೇನಮ್ಮಾ?” ಎಂದು ಕೇಳಿದನಂತೆ. “ಟೀಚರ್, ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ, ಅವನ ಮುಖ ನೋಡಲೂ ಆಗಲಿಲ್ಲ” ಎಂದು ಆಕೆ ಬರೆದಿದ್ದಳು. ಹುಡುಗನ ತರ್ಕದಲ್ಲಿ ತಪ್ಪೇನೂ ಇಲ್ಲ. ಒಂದೇ ಬಾಯಿ, ಒಂದೇ ದೃಢಸ್ವರದಿಂದ ಎರಡನ್ನೂ ಹೇಳಿತ್ತು. ಒಂದು ಬಿದ್ದಾಗ ಇನ್ನೊಂದು ಅಲುಗಿತು.

ತಾತನನ್ನು ಮನೆಯಿಂದ ಓಡಿಸಬೇಕೆಂದು ನಾನು ಹೇಳುವುದಿಲ್ಲ. ಆತನ ಹಿಂದೆ ನಿಜವಾದ ಮನುಷ್ಯನೊಬ್ಬನಿದ್ದಾನೆ. ಇಂದಿನ ತುರ್ಕಿ ದೇಶಕ್ಕೆ ಸೇರಿದ ಮುರ ಎಂಬ ಪಟ್ಟಣದಲ್ಲಿ (ಸೆರೆಯಾಗಿ ರೋಮಿಗೆ ಹೋಗುವಾಗ ಪೌಲನನ್ನು ಹಡಗು ಬದಲಿಸಿದ್ದು ಅಲ್ಲಿಯೇ) 4ನೆಯ ಶತಮಾನದಲ್ಲಿ ನಿಕೊಲಾಸನೆಂಬ ಬಿಷಪನಿದ್ದನು. ಬಡತನಕ್ಕೆ ಬಿದ್ದ ತಂದೆಯೊಬ್ಬನ ಮೂವರು ಹೆಣ್ಣುಮಕ್ಕಳಿಗೆ ವರದಕ್ಷಿಣೆಯಿಲ್ಲದೆ ಮದುವೆ ನಿಂತಿರಲು, ಆತನು ರಾತ್ರಿಯಲ್ಲಿ ಗುಟ್ಟಾಗಿ ಕಿಟಕಿಯಿಂದ ಹೊನ್ನಿನ ಗಂಟುಗಳನ್ನು ಎಸೆದನೆಂದು ಪರಂಪರೆಯ ಕಥೆ. 1961ರ ಕಾನೂನಿನ ಬಳಿಕವೂ ಆ ತಂದೆಯ ಚಿಂತೆ ನಮ್ಮಲ್ಲಿ ಪೂರ್ತಿ ತೀರಿಲ್ಲವೆಂಬುದನ್ನು ಹೆಣ್ಣುಮಕ್ಕಳ ಪೋಷಕರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ನಿಕೊಲಾಸನ ನೆನಪಿನ ದಿನವು ಡಿಸೆಂಬರ್ 6. ಹಾಲೆಂಡಿನವರೊಡನೆ ಆತನ ಹೆಸರು ಅಮೇರಿಕಕ್ಕೆ ಹೋಗಿ, 19ನೆಯ ಶತಮಾನದಲ್ಲಿ ಹಿಮಸಾರಂಗಗಳ ಬಂಡಿಯನ್ನೇರಿತು. ಇದನ್ನೆಲ್ಲ ಕಥೆಯೆಂದೇ ಮಗುವಿಗೆ ಹೇಳಿ, ಆ ದಿನ ಅದರ ಕೈಯಿಂದ ಯಾರಿಗಾದರೂ ಗುಟ್ಟಾಗಿ ಏನನ್ನಾದರೂ ಕೊಡಿಸಿರಿ. ಮಕ್ಕಳಿಗೆ ಉಡುಗೊರೆ ಪಡೆಯುವುದಕ್ಕಿಂತಲೂ ಗುಟ್ಟಿನಲ್ಲಿ ಪಾಲುಗೊಳ್ಳುವುದು ಹೆಚ್ಚು ರುಚಿಸುತ್ತದೆ.

ಸತ್ಯವೇದದ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಲೂಕನು ಎತ್ತು ಕತ್ತೆಗಳನ್ನು ಹೆಸರಿಸುವುದಿಲ್ಲ. ಛತ್ರದ ಯಜಮಾನನೊಬ್ಬನು ಬಾಗಿಲು ಮುಚ್ಚಿದನೆಂದೂ ಹೇಳುವುದಿಲ್ಲ, ಆತನು ನಮ್ಮ ನಾಟಕಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾನೆ. ಮತ್ತಾಯನು ಮೂರು ಕಾಣಿಕೆಗಳನ್ನು ಹೇಳುತ್ತಾನಲ್ಲದೆ ಜೋಯಿಸರು ಮೂವರೆಂದು ಹೇಳುವುದಿಲ್ಲ. ಅವರು ಬಂದದ್ದು ಮನೆಗೆ. ಡಿಸೆಂಬರ್ 25 ಎಂಬ ದಿನವೂ ಸುವಾರ್ತೆಗಳಲ್ಲಿಲ್ಲ. ರೋಮ್ ನಗರದಲ್ಲಿ ಆ ದಿನದ ಆಚರಣೆಗೆ 336ನೆಯ ಇಸವಿಯ ಆಧಾರವುಂಟು. ಅರ್ಮೇನ್ಯದ ಸಭೆಯವರು ಇಂದಿಗೂ ಜನವರಿ 6ರಂದೇ ಜನನವನ್ನು ಆಚರಿಸುತ್ತಾರೆ. ಮಕ್ಕಳು ಕೇಳಿದಾಗ, “ಇದು ಬರೆದಿದೆ, ಇದನ್ನು ಹಿರಿಯರು ಸೇರಿಸಿಕೊಂಡರು, ಇದನ್ನು ನಾವು ನಂಬುತ್ತೇವೆ” ಎಂದು ಬೇರೆ ಬೇರೆಯಾಗಿ ಹೇಳಬಹುದು. ನಮ್ಮ ವಿದ್ಯಾರ್ಥಿನಿಯೂ ಕಡೆಗೆ ಹಾಗೆಯೇ ಮಾಡಿದಳು. ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಲೂಕನ 2ನೆಯ ಅಧ್ಯಾಯವನ್ನು ಪೂರ್ತಿ ಓದಿದಳು. ಅವನು ಕತ್ತೆಯನ್ನು ಹುಡುಕಿ ಸಿಗದೆ ನಕ್ಕನಂತೆ.

ತಿಂಡಿಗಳ ವಿಷಯ ನಮ್ಮ ಓದುಗರಿಗೆ ನನಗಿಂತ ಚೆನ್ನಾಗಿ ತಿಳಿದಿದೆ. ಕೊಂಕಣಿ ಮನೆಗಳ ಕುಸ್ವಾರಿನಲ್ಲಿ ಬಾಚಣಿಗೆಯ ಮೇಲೆ ಉರುಳಿಸುವ ಕಿಡ್ಯೊ ಚಿಕ್ಕ ಬೆರಳುಗಳಿಗೆ ತಕ್ಕ ಕೆಲಸವೆಂದಷ್ಟೇ ಹೇಳುವೆನು. ನೆರೆಯ ಹಿಂದೂ, ಮುಸಲ್ಮಾನ ಮನೆಗಳಿಗೆ ತಟ್ಟೆಯನ್ನು ಮಕ್ಕಳ ಕೈಯಲ್ಲಿಯೇ ಕಳುಹಿಸಬೇಕು. ದೀಪಾವಳಿಗೆ ಅಲ್ಲಿಂದ ತಟ್ಟೆ ಬಂದಾಗ ಅವರೇ ತೆಗೆದುಕೊಳ್ಳಲಿ. ಆದರೆ ಸಾಲ ಮಾಡಿ ಹಬ್ಬ ಮಾಡುವುದನ್ನು ನಾನು ಎಷ್ಟು ಮಾತ್ರಕ್ಕೂ ಒಪ್ಪಲಾರೆನು. ಹೊಸ ಬಟ್ಟೆಯಿಲ್ಲದೆ ದೇವಾಲಯಕ್ಕೆ ಬರಲು ನಾಚಿ ಮನೆಯಲ್ಲಿ ಉಳಿದವರನ್ನು ಕಂಡಿದ್ದೇನೆ. ಕೂಸನ್ನು ದೇವಾಲಯಕ್ಕೆ ತಂದಾಗ ಮರಿಯಳೂ ಯೋಸೇಫನೂ ಕುರಿಮರಿಯನ್ನಲ್ಲ, ಹಕ್ಕಿಗಳ ಜೋಡಿಯನ್ನು ಅರ್ಪಿಸಿದರು. ಮೋಶೆಯ ಧರ್ಮಶಾಸ್ತ್ರದಲ್ಲಿ ಅದು ಬಡವರಿಗೆ ಗೊತ್ತುಮಾಡಿದ ಕಾಣಿಕೆ.

ಆ ವರ್ಷ ಸಾವನ್ನು ಕಂಡ ಮನೆಯವರು ಹಬ್ಬ ಮಾಡಬೇಕೋ ಬೇಡವೋ ಎಂದು ಕೇಳುತ್ತಾರೆ. ಮಕ್ಕಳಿರುವ ಮನೆಯಲ್ಲಿ ದೀಪಗಳನ್ನೂ ಗೋದಲಿಯನ್ನೂ ಬಿಡಬೇಡಿರಿ; ಬೇಕಾದರೆ ನಕ್ಷತ್ರವನ್ನೂ ಔತಣವನ್ನೂ ಬಿಡಿರಿ. ಸಭೆಯ ಹಿರಿಯರು ಹಬ್ಬದ ಮರುದಿನವನ್ನೇ ರಕ್ತಸಾಕ್ಷಿಯಾದ ಸ್ತೆಫನನಿಗೂ, 28ನೆಯ ದಿನವನ್ನು ಹೆರೋದನು ಕೊಲ್ಲಿಸಿದ ಬೇತ್ಲೆಹೇಮಿನ ಗಂಡುಕೂಸುಗಳಿಗೂ ಮೀಸಲಿಟ್ಟರು. ಹಾಡುಗಳಿನ್ನೂ ನಿಲ್ಲದಿರುವಾಗಲೇ ಅಳುವ ತಾಯಂದಿರಿಗೆ ಪಂಚಾಂಗದಲ್ಲಿ ಸ್ಥಳವಿದೆ. ಮಗುವನ್ನು ಕಳೆದುಕೊಂಡ ತಾಯಿ ಆ ದಿನ ಒಂದು ಹಣತೆಯನ್ನು ಬೇರೆಯಾಗಿ ಹಚ್ಚಿ, ಅಗಲಿದ ಕೂಸಿನ ಹೆಸರನ್ನು ಉಳಿದ ಮಕ್ಕಳ ಮುಂದೆ ಗಟ್ಟಿಯಾಗಿ ಹೇಳಬಹುದು. ಹೆಸರು ಹೇಳದೆ ಅಡಗಿಸಿದ ಮನೆಗಳಲ್ಲಿಯೇ ಮಕ್ಕಳು ಹೆಚ್ಚು ಹೆದರುತ್ತಾರೆ.

ಕಡೆಯದಾಗಿ ಜೋಯಿಸರು. ಗೋದಲಿಯ ಗೊಂಬೆಗಳಲ್ಲಿ ಇವರನ್ನು ಮೊದಲ ದಿನವೇ ಕುರುಬರ ಪಕ್ಕದಲ್ಲಿ ನಿಲ್ಲಿಸದೆ, ಮನೆಯ ಇನ್ನೊಂದು ತುದಿಯ ಕಿಟಕಿಯಲ್ಲಿಟ್ಟು ದಿನಕ್ಕೊಂದು ಗೇಣಿನಂತೆ ಮುಂದಕ್ಕೆ ನಡೆಸಿಕೊಂಡು ಬಂದರೆ, ಜನವರಿ 6ಕ್ಕೆ ಸರಿಯಾಗಿ ತಲಪುತ್ತಾರೆ. ಮಕ್ಕಳು ಬೆಳಗ್ಗೆ ಎದ್ದೊಡನೆ ಈ ಕೆಲಸಕ್ಕೆ ಓಡುವುದನ್ನು ನೋಡಬೇಕು. ಆ ಸಂಜೆ ನಕ್ಷತ್ರವನ್ನು ಇಳಿಸಿ, ಗೊಂಬೆಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿರಿ. ಅಷ್ಟರಲ್ಲಿ ಗೆರಟೆಗಳ ರಾಗಿ ಉದ್ದವಾಗಿ ಬಾಗಿರುತ್ತದೆ. ಊರಲ್ಲಿರುವವರು ಅದನ್ನು ನೆರೆಮನೆಯ ಹಸುವಿಗೆ ಹಾಕಬಹುದು. ಪಟ್ಟಣದವರು ಒಂದು ಗೆರಟೆಯ ಪೈರನ್ನು ದೊಡ್ಡ ಕುಂಡಕ್ಕೆ ಬಿಡಿಬಿಡಿಯಾಗಿ ನೆಟ್ಟು ಬಿಸಿಲಿನಲ್ಲಿಟ್ಟರೆ, ಮೂರು ನಾಲ್ಕು ತಿಂಗಳಿಗೆ ತೆನೆ ಬರುತ್ತದೆ.